ಅಂಗಡಿಯ ಐದನೆಯ ಹಲಗೆ

ನಮ್ಮ ಮನೆಯಲ್ಲಿ ಒಂದು ಹಲಗೆ ಇದೆ. ಹಲಸಿನ ಕಾಲದಲ್ಲಿ ಅದನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಹಪ್ಪಳ ಒತ್ತುತ್ತೇನೆ. ಉಳಿದ ದಿನಗಳಲ್ಲಿ ಅದು ಅಡುಗೆಮನೆಯ ಗೋಡೆಗೆ ಒರಗಿ ನಿಂತಿರುತ್ತದೆ, ಅದರ ಹಿಂದೆ ಬೆಕ್ಕು ಮರಿ ಹಾಕುತ್ತದೆ. ಆಳೆತ್ತರದ, ಹಲಸಿನ ಮರದ, ಒಳ್ಳೆಯ ಗಟ್ಟಿ ಹಲಗೆ. ಒಂದು ತುದಿಯಲ್ಲಿ ಬಿಳಿ ಬಣ್ಣದಲ್ಲಿ ಐದು ಎಂದು ಬರೆದಿದೆ. ಹೊಸಬರು ಯಾರು ಬಂದರೂ ಅದನ್ನು ನೋಡಿ, "ಉಳಿದದ್ದೆಲ್ಲ ಎಲ್ಲಿ?" ಎಂದು ಕೇಳದೆ ಹೋಗುವುದಿಲ್ಲ. ಉಳಿದವು ಬಂದರಿನಲ್ಲಿವೆ, ಒಂದು ಹಗ್ಗದ ಅಂಗಡಿಯ ಬಾಗಿಲಾಗಿ ಈಗಲೂ ದುಡಿಯುತ್ತಿವೆ.

ನೀವು ನೋಡಿಯೇ ಇರುತ್ತೀರಿ, ನಮ್ಮ ಬಂದರಿನ ಹಳೆಯ ಅಂಗಡಿಗಳಿಗೆ ಕದವೆಂಬುದಿಲ್ಲ. ಮೇಲಿನ ತೊಲೆಯಲ್ಲಿಯೂ ಕೆಳಗಿನ ಹೊಸ್ತಿಲಲ್ಲಿಯೂ ಉದ್ದಕ್ಕೆ ಕಾಲುವೆಯಂತೆ ಕೊರೆದಿರುತ್ತಾರೆ. ಸಂಜೆ ಅದರೊಳಗೆ ಹಲಗೆಗಳನ್ನು ಒಂದರ ಪಕ್ಕ ಒಂದು ಜಾರಿಸಿ ನಿಲ್ಲಿಸಿ, ಅಡ್ಡಕ್ಕೆ ಕಬ್ಬಿಣದ ಪಟ್ಟಿ ಎಳೆದು ಬೀಗ ಹಾಕುತ್ತಾರೆ. ಹಲಗೆಗಳ ಕ್ರಮ ತಪ್ಪಿದರೆ ಅಂಗಡಿ ಮುಚ್ಚುವುದಿಲ್ಲ, ಅದಕ್ಕೇ ನಂಬರು. ಒಂದು ಹಲಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನಲ್ಲಿ ಪ್ರಯೋಗ ಮಾಡಿ ನೋಡಿದವರು ನನ್ನ ಸೋದರಮಾವ ಒಬ್ಬರೇ ಇರಬೇಕು.

ಹಪ್ಪಳದ ಹಲಗೆ ಎಂದು ಯಾರೂ ಹಗುರವಾಗಿ ನೋಡಬೇಡಿ. ಇದು ಆಸ್ತಿ. ಸೋದರಮಾವನಿಂದ ಸೋದರಸೊಸೆಗೆ, ಅಳಿಯಸಂತಾನ ಕಟ್ಟಿನ ಪ್ರಕಾರ, ಕ್ರಮವಾಗಿ ಇಳಿದು ಬಂದ ಆಸ್ತಿ. ಘಟ್ಟದ ಮೇಲಿನವರಿಗೆ ಈ ಕಟ್ಟನ್ನು ಎಷ್ಟು ಸಲ ವಿವರಿಸಿದರೂ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಗಂಡಸು ಮಾಡಿದ ಆಸ್ತಿ ಅವನ ಮಕ್ಕಳಿಗೆ ಹೋಗುವುದಿಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಅವನ ಮಕ್ಕಳು ಅವನ ಹೆಂಡತಿಯ ಮನೆತನಕ್ಕೆ ಸೇರಿದವರು. ಅವರನ್ನು ನೋಡಿಕೊಳ್ಳುವುದಕ್ಕೆ ಅವರ ಸೋದರಮಾವ ಇರುತ್ತಾನೆ. ಅಪ್ಪನೆಂದರೆ ಹಬ್ಬಕ್ಕೆ ಬಟ್ಟೆ ತರುವವನು, ಮಾವನೆಂದರೆ ಕಿವಿ ಹಿಂಡುವವನು.

ಇದನ್ನು ಕೇಳಿದ ಘಟ್ಟದ ಮೇಲಿನ ಗೆಳತಿಯರು, "ನಿಮ್ಮ ಕಡೆ ಹೆಂಗಸರಿಗೆ ಎಷ್ಟು ಅಧಿಕಾರ!" ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಅಧಿಕಾರ ಇತ್ತು, ಇಲ್ಲವೆನ್ನುವುದಿಲ್ಲ. ಆಸ್ತಿ ಹೆಂಗಸರದ್ದು, ಬೀಗದಕೈ ಗಂಡಸರದ್ದು. ಉರ್ವದ ನಮ್ಮ ಮನೆ, ಗದ್ದೆ, ತೆಂಗಿನ ಹಿತ್ತಲು ಎಲ್ಲವೂ ನನ್ನ ಅಮ್ಮನ ಕಡೆಯಿಂದ ಬಂದದ್ದು. ಆದರೆ ಅಮ್ಮ ತನ್ನ ಸ್ವಂತ ಗದ್ದೆಯ ಅಕ್ಕಿಯನ್ನು ಅಳೆಯಬೇಕಾದರೆ, ಯಜಮಾನನಾದ ತಮ್ಮ ಸ್ನಾನ ಮುಗಿಸಿ ಬರುವವರೆಗೆ ಕಣಜದ ಬಾಗಿಲಲ್ಲಿ ಕಾಯುತ್ತಿದ್ದಳು.

ಆ ತಮ್ಮನೇ ಸಂಕಪ್ಪ ಮಾವ. ಎತ್ತರದ ಆಳು, ತೆಳ್ಳಗೆ, ಸೊಂಟದ ಉಡಿದಾರದಲ್ಲಿ ಬೀಗದಕೈಗಳ ಗೊಂಚಲು. ಅವರು ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿತ್ತು. ಚಿಕ್ಕವರಿದ್ದಾಗ ಆ ಸದ್ದು ಕೇಳಿದರೆ ನಾನೂ ನನ್ನ ಅಣ್ಣನೂ ಬಾಯಲ್ಲಿದ್ದ ಬೆಲ್ಲವನ್ನು ಅಗಿಯದೆ ನುಂಗುತ್ತಿದ್ದೆವು. ಸದ್ದಿನ ಹಿಂದೆಯೇ ವಾಸನೆ ಬರುತ್ತಿತ್ತು. ಮಾವ ಹುರಿಹಗ್ಗದ ವ್ಯಾಪಾರಿ. ತೆಂಗಿನ ಸಿಪ್ಪೆಯನ್ನು ಹೊಳೆಯ ಬದಿಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿ ಬಡಿದು ನಾರು ತೆಗೆಯುತ್ತಾರಲ್ಲ, ಆ ವಾಸನೆ ಮೈಗೆ ಹತ್ತಿದರೆ ಬಿಡುವುದಿಲ್ಲ. ಮಾವ ಕುಳಿತೆದ್ದ ಚಾಪೆಯಲ್ಲಿ ಬೇರೆ ಯಾರೂ ಮಲಗುತ್ತಿರಲಿಲ್ಲ. ಆದರೆ ಆ ವಾಸನೆ ಬಂದರೆ ಮನೆಗೆ ದೊಡ್ಡವರು ಬಂದರು ಎಂಬ ಒಂದು ಧೈರ್ಯವೂ ಬರುತ್ತಿತ್ತು, ಅದನ್ನೂ ಹೇಳಬೇಕು.

ಮನೆಯಲ್ಲಿ ಇಷ್ಟು ದೊಡ್ಡವರಾದ ಮಾವ ಬಂದರಿನಲ್ಲಿ ಯಾರೂ ಅಲ್ಲ. ಅಲ್ಲಿ ಅವರಿಗೆ ಸ್ವಂತ ಅಂಗಡಿ ಇರಲಿಲ್ಲ. ಯಾರದೋ ಅಕ್ಕಿ ಗೋದಾಮಿನ ಜಗಲಿಯ ಮೂಲೆಯಲ್ಲಿ ಹಗ್ಗದ ಸುರುಳಿಗಳನ್ನು ಪೇರಿಸಿ ಕೂತು, ಮಂಜಿಗಳೆಂಬ ಸರಕಿನ ಹಡಗುಗಳವರಿಗೆ ಮಾರುತ್ತಿದ್ದರು. ಗೋದಾಮಿಗೆ ಎತ್ತಿನ ಗಾಡಿ ಬಂದಾಗಲೆಲ್ಲ ಒಳಗಿನಿಂದ ಕೂಗು ಬರುತ್ತಿತ್ತು, "ಸಂಕಪ್ಪಣ್ಣ, ಸ್ವಲ್ಪ ಎದ್ದೇಳಿ, ಗಾಡಿ ಬಂತು." ಮಾವ ಎದ್ದು, ಸುರುಳಿಗಳನ್ನು ಬದಿಗೆ ಎಳೆದು, ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ಮೂಟೆಗಳೆಲ್ಲ ಒಳಗೆ ಹೋದ ಮೇಲೆ ಮತ್ತೆ ಕೂರುತ್ತಿದ್ದರು. ಮನೆಗೆ ಬಂದು ಅಮ್ಮನ ಮೇಲೆ ರೇಗುತ್ತಿದ್ದುದು ಹೆಚ್ಚಾಗಿ ಗಾಡಿಗಳು ಹೆಚ್ಚು ಬಂದ ದಿನಗಳಲ್ಲಿ ಎಂಬುದು ನನಗೆ ದೊಡ್ಡವಳಾದ ಮೇಲೆ ಹೊಳೆಯಿತು.

ಹಾಗಾಗಿ ಅವರ ಬಾಳಿನ ಆಸೆ ಎರಡೇ ಎರಡು. ಯಾರೂ ಎದ್ದೇಳಿ ಎನ್ನದ ಸ್ವಂತದ ಒಂದು ಜಾಗ ಬೇಕು. ತಮ್ಮ ಕಾಲದ ಮೇಲೆ ಅದು ಅಳಿಯಂದಿರಿಗೆ ಹೋಗದೆ ತಮ್ಮ ಮಕ್ಕಳಿಗೆ ಉಳಿಯಬೇಕು. ಮಕ್ಕಳ ಮೇಲೆ ಮಾವನಿಗೆ ಬಹಳ ಪ್ರೀತಿ, ಅದರಲ್ಲೂ ಮಗ ಜಯರಾಮನ ಮೇಲೆ. ಅವನಿಗೆ ಬೆಲ್ಲ ಕದಿಯುವ ಅಗತ್ಯವೇ ಬಿದ್ದಿರಲಿಲ್ಲ.

ಮಾವ ಹೆದರುತ್ತಿದ್ದ ಆ ಭಯಂಕರ ಅಳಿಯಂದಿರು ಯಾರು ಎನ್ನುತ್ತೀರಿ? ನನ್ನ ಅಣ್ಣ ಒಬ್ಬನೇ. ಉಟ್ಟ ವೇಷ್ಟಿಯ ಗಂಟು ಗಟ್ಟಿ ನಿಲ್ಲಿಸಲು ತಿಳಿಯದವನು ಹಗ್ಗದ ವ್ಯಾಪಾರ ಕಸಿದುಕೊಳ್ಳುವವನಿದ್ದನಂತೆ. ಅವನ ಕಣ್ಣು ಬೊಂಬಾಯಿಯ ಕಡೆಗಿತ್ತು. ಮುಂದೆ ಅಲ್ಲಿಯ ಒಂದು ಹೋಟೆಲಿನಲ್ಲಿ ಸೇರಿಕೊಂಡು, ಮಾವನ ಹಗ್ಗ ಹೇಗಿದೆ ಎಂದು ಒಂದು ಕಾರ್ಡಿನಲ್ಲಿಯೂ ಕೇಳದೆ ಉಳಿದ. ಆದರೆ ಯಜಮಾನನಾದವನಿಗೆ ಅಳಿಯನೆಂದರೆ ಹೆದರಿಕೆ ಇರಬೇಕಾದದ್ದು ನಮ್ಮ ಕಡೆಯ ಮರ್ಯಾದೆ.

ಇನ್ನು ಅಂಗಡಿ ಹುಡುಕಿದ ಕತೆ. ಬೇರೆಯವರು ಕಟ್ಟಡ ಕೊಳ್ಳುವಾಗ ಗೋಡೆ ಬಡಿದು ನೋಡುತ್ತಾರೆ, ಬಾವಿ ಇಣುಕುತ್ತಾರೆ, ಹಳೆಯ ಕಾಗದಪತ್ರ ತೆಗೆಸುತ್ತಾರೆ. ಮಾವ ಕೂತು ನೋಡುತ್ತಿದ್ದರು. ಎಲ್ಲಿ ಅಂಗಡಿ ಮಾರಾಟಕ್ಕಿದೆ ಎಂದು ಕೇಳಿದರೂ ತಮ್ಮ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿ, ಅಲ್ಲಿ ಹಾಸಿ, ಒಂದು ಮಧ್ಯಾಹ್ನವೆಲ್ಲ ಕೂರುವುದು. ರಥಬೀದಿಯಲ್ಲಿ ಕೂತು ನೋಡಿದರು. ಅಲ್ಲಿ ಹೋಗುವವರು ಬರುವವರು ಎಲ್ಲ ಚಿನ್ನ ಬಟ್ಟೆಯ ಗಿರಾಕಿಗಳು, ಹಗ್ಗ ಬೇಕಾದವರಂತೆ ಕಾಣಲಿಲ್ಲ. ಹಂಪನಕಟ್ಟೆಯಲ್ಲಿ ಕೂತರು. ಅಲ್ಲಿ ಬರಿಯ ವಕೀಲರು, ಅವರಿಗೆ ಹಗ್ಗ ಬೇಡ, ಇದ್ದುದನ್ನೇ ಸಿಕ್ಕು ಮಾಡುವುದು ಅವರ ಕೆಲಸ ಎಂದರು. ಒಂದು ಕಡೆ ಕೂತಲ್ಲೇ ಮಧ್ಯಾಹ್ನದ ಊಟವನ್ನೂ ತರಿಸಿ ಉಂಡು, ಎದ್ದು, "ಇದು ಆಗ್ಲಿಕ್ಕಿಲ್ಲ" ಎಂದು ಚಾಪೆ ಸುತ್ತಿದಾಗ ಮಾರುವವರಿಗೂ ಅವರಿಗೂ ಜಗಳವೇ ಆಗಿತ್ತು.

ಕೊನೆಗೆ ಬಂದರಿನಲ್ಲಿಯೇ ಹಸನಬ್ಬ ಸಾಹೇಬರ ಅಂಗಡಿ ಮಾರಾಟಕ್ಕೆ ಬಂತು. ಅವರು ಒಣಮೆಣಸು, ಕೊತ್ತಂಬರಿಯ ವ್ಯಾಪಾರಿ. ತಮ್ಮಂದಿರ ಜೊತೆ ಸೇರಿ ಒಂದು ಮಂಜಿ ಮಾಡಿಸುವ ಯೋಚನೆಯಲ್ಲಿದ್ದರು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಹಲಗೆಯ ಬಾಗಿಲು, ಮೇಲೆ ಒಂದು ಸಂಸಾರ ಇರಬಹುದಾದ ಮಾಳಿಗೆ, ಹಿಂದಿನ ಕಿಟಕಿ ತೆರೆದರೆ ಹೊಳೆಯ ಗಾಳಿ. ಮಾವ ಮೂರು ದಿನ ಅಲ್ಲಿ ಚಾಪೆ ಹಾಸಿದರು. ಸಾಹೇಬರು ತಾಳ್ಮೆಯ ಮನುಷ್ಯ. ಕೊನೆಗೆ ಅವರೂ ಕೇಳಿದರು, "ಸಂಕಪ್ಪಣ್ಣ, ನೀವು ಎಂತ, ಅಂಗಡಿ ಕೊಳ್ಳುವುದಾ, ಇಲ್ಲ ಕಾವಿಗೆ ಕೂತದ್ದಾ?"

ಮಾವ ಉತ್ತರ ಕೊಡಲಿಲ್ಲ, ಏಕೆಂದರೆ ನಿದ್ದೆ ಹೋಗಿದ್ದರು. ಹೊಳೆಯ ಗಾಳಿಗೆ ಮೆಣಸಿನ ಘಾಟನ್ನೂ ಲೆಕ್ಕಿಸದೆ ಸಂಜೆಯವರೆಗೆ ಮಲಗಿ, ಎದ್ದು ಕಣ್ಣುಜ್ಜಿಕೊಂಡು, "ಇದೇ" ಎಂದರು. ಆ ಹೊತ್ತಿನಲ್ಲಿ ಅವರನ್ನು ಯಾರೂ ಎಬ್ಬಿಸಿರಲಿಲ್ಲ ಎಂಬುದೇ ಅವರಿಗೆ ದೊಡ್ಡದಾಗಿ ಕಂಡಿರಬೇಕು.

ಜಾಗ ಸಿಕ್ಕಿತು, ಕ್ರಯಪತ್ರ ಯಾರ ಹೆಸರಿನಲ್ಲಿ? ಮಾವ ಒಬ್ಬ ವಕೀಲರ ಹತ್ತಿರ ಹೋದರು. ನಮ್ಮ ಜಿಲ್ಲೆಯ ವಕೀಲರು ಅಳಿಯಸಂತಾನ ಕಟ್ಟಿಗೆ ದಿನಾ ದೀಪ ಹಚ್ಚಬೇಕು, ಅಷ್ಟು ಅನ್ನ ಹಾಕಿದೆ ಅದು ಅವರಿಗೆ. ಅವರು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು ಹೇಳಿದರಂತೆ, "ನಿಮ್ಮ ಹೆಸರಿನಲ್ಲಿ ಮಾಡಿದರೆ ಅಳಿಯಂದಿರು ಬರ್ತಾರೆ. ಹೆಂಡತಿಯ ಹೆಸರಿನಲ್ಲಿ ಮಾಡಿ. ಆಮೇಲೆ ಅದು ಅವಳಿಗೆ, ಅವಳ ಮಕ್ಕಳಿಗೆ. ನಿಮ್ಮ ಅಳಿಯ ಕೋರ್ಟಿನ ಮೆಟ್ಟಿಲು ಸವೆಸಿದರೂ ಏನೂ ಸಿಕ್ಕುವುದಿಲ್ಲ." ಮಾತು ಸುಳ್ಳಲ್ಲ. ವಕೀಲರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಹೇಳದೆ ಬಿಟ್ಟದ್ದರಲ್ಲಿಯೇ ಮಾವನ ಹಣೆಬರಹ ಕೂತಿತ್ತು.

ಹಸನಬ್ಬ ಸಾಹೇಬರಿಗೆ ಈ ಸಂಗತಿ ತಿಳಿದಾಗ ಗಡ್ಡ ನೀವಿಕೊಂಡರು. "ಮಾರುವವನಿಗೆ ಯಾರ ಹೆಸರಾದರೂ ಒಂದೇ. ಆದರೆ ಕೂತುಕೊಳ್ಳುವುದು ನೀವಲ್ವಾ? ಕೂತುಕೊಳ್ಳುವವನ ಹೆಸರು ಕಾಗದದಲ್ಲಿ ಇರುವುದು ಒಳ್ಳೇದು ಅಂತ ನನಗೆ ಕಾಣ್ತದೆ."

"ನಿಮಗೆ ಗೊತ್ತಿಲ್ಲ ಸಾಹೇಬ್ರೇ, ನಮ್ಮಲ್ಲಿ ಅಳಿಯಂದಿರು ಉಂಟು," ಎಂದು ಮಾವ ಗುಟ್ಟಿನಂತೆ ಹೇಳಿದರು. ಮನೆಯಲ್ಲಿ ಹುಲಿ ಸಾಕಿದವರು ಹೇಳುವ ಹಾಗಿತ್ತು ಅದು.

ಈ ವ್ಯವಹಾರದಲ್ಲಿ ನನಗೂ ಒಂದು ಪಾತ್ರ ಸಿಕ್ಕಿತು. ಮಾವನ ಹೆಂಡತಿ ಕಲ್ಯಾಣಿ ಅತ್ತೆಗೆ ಸಹಿ ಹಾಕಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದರೆ ನಾಳೆ ಅಳಿಯಂದಿರು ತಕರಾರು ತೆಗೆದಾರು ಎಂದು ಮಾವನಿಗೆ ಸಂಶಯ. ನಾನು ಆಗ ಟ್ರೈನಿಂಗ್ ಶಾಲೆಯಲ್ಲಿ ಮೇಷ್ಟರ ಕೆಲಸ ಕಲಿಯುತ್ತಿದ್ದೆ, ಲೋಕವನ್ನೇ ತಿದ್ದುವವಳಂತೆ ಓಡಾಡುತ್ತಿದ್ದೆ. "ನೀನು ಕಲಿಸು ಮಗಾ," ಎಂದರು ಮಾವ. ಸ್ತ್ರೀವಿದ್ಯಾಭ್ಯಾಸ ಎಂದು ಹಿಗ್ಗಿ ಸ್ಲೇಟು ಹಿಡಿದು ಕೂತೆ. ಅತ್ತೆ ಬೇಗ ಕಲಿತರು. ಕಲಿತದ್ದು ಮಾತ್ರವಲ್ಲ, ಅವರಿಗೆ ಅದರ ರುಚಿ ಹತ್ತಿತು. ಒಲೆಯ ಮಸಿಯಲ್ಲಿ ಗೋಡೆಯ ಮೇಲೆ ಕಲ್ಯಾಣಿ, ಉಪ್ಪಿನಕಾಯಿ ಭರಣಿಯ ಮೇಲೆ ಸುಣ್ಣದಲ್ಲಿ ಕಲ್ಯಾಣಿ. ಮಾವ ಅದನ್ನು ನೋಡಿ ಬಹಳ ಸಂತೋಷಪಟ್ಟರು.

ರಿಜಿಸ್ತ್ರಿ ಕಚೇರಿಯಿಂದ ಜಟಕಾದಲ್ಲಿ ಮನೆಗೆ ಬಂದು ಇಳಿದಾಗ ಅತ್ತೆಯ ಮುಖದಲ್ಲಿ ಹಿಂದೆ ಕಾಣದ ಒಂದು ಕಳೆ ಇತ್ತು. ಕಾಲು ತೊಳೆದು ಒಳಗೆ ಬಂದು ಮೊದಲು ಆಡಿದ ಮಾತು, "ಅಣ್ಣನಿಗೆ ಹೇಳಿ ಕಳಿಸ್ಬೇಕು."

ತಪ್ಪೇನಿಲ್ಲ. ತಂಗಿಗೆ ಆಸ್ತಿಯಾದರೆ ಅಣ್ಣನಿಗೆ ಹೇಳದೆ ಇರುತ್ತಾರೆಯೇ? ಅತ್ತೆಯ ಅಣ್ಣ ದೂಮಣ್ಣ ಸುರತ್ಕಲ್ಲಿನವರು, ತಮ್ಮ ಮನೆತನದ ಯಜಮಾನರು. ಅಂಗಡಿ ತೆರೆಯುವ ಮುಹೂರ್ತದ ದಿನ ಬೆಳಿಗ್ಗೆಯೇ ಕೂಳೂರಿನ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ಬಂದರು. ದೊಡ್ಡ ಮೈ, ದೊಡ್ಡ ನಗು, ಬಾಯಿ ತುಂಬ ಎಲೆಯಡಿಕೆ. ಅವರೇ ದೀಪ ಹಚ್ಚಿದರು. ಹೊಸ ಹತ್ತಿಯ ಗಾದಿ, ಒರಗುದಿಂಬು, ಎದುರಿಗೆ ಗಲ್ಲಾಪೆಟ್ಟಿಗೆ ಎಲ್ಲ ಸಿದ್ಧವಾಗಿತ್ತು. ಇನ್ನು ಮಾವ ಕೂರಬೇಕು, ಅಷ್ಟೆ. ಅದಕ್ಕಾಗಿಯೇ ಅಲ್ಲವೇ ಅವರು ಆಯುಷ್ಯವೆಲ್ಲ ಹಗ್ಗ ಮಾರಿದ್ದು.

ಆದರೆ ಹಿರಿಯರು ಎದುರಿಗಿರುವಾಗ ತಾನೇ ಹೋಗಿ ಕೂತುಬಿಡುವುದು ಮರ್ಯಾದೆಯಲ್ಲ. ಮಾವ ಕೈ ಮುಂದೆ ಮಾಡಿ, "ಕೂತುಕೊಳ್ಳಿ ಬಾವ," ಎಂದರು.

ನಮ್ಮಲ್ಲಿ ಈ ಮಾತಿಗೆ ಒಂದು ಕ್ರಮ ಉಂಟು. ಕರೆದವನು ಮೂರು ಸಲ ಕರೆಯಬೇಕು, ಕರೆಸಿಕೊಂಡವನು ಮೂರು ಸಲ ಬೇಡ ಬೇಡ ಎನ್ನಬೇಕು. ಆಮೇಲೆ ಕೂರಬೇಕಾದವನು ಕೂರಬೇಕು. ಊಟಕ್ಕೂ ಅಷ್ಟೆ, ಎರಡನೆಯ ಸಲದ ಮೀನಿಗೂ ಅಷ್ಟೆ. ಮಾವ ಮೊದಲನೆಯ ಸಲ ಕರೆದದ್ದೇ ತಡ, ದೂಮಣ್ಣ, "ಹೌದು, ಕೂತುಕೊಳ್ಳದೆ ಮತ್ತೆ?" ಎಂದು ಕೂತುಬಿಟ್ಟರು. ಗಾದಿ ಒಮ್ಮೆ ಉಸಿರುಬಿಟ್ಟಿತು. ಮಾವನ ಕೈ ಮುಂದೆ ಚಾಚಿದ್ದು ಹಾಗೆಯೇ ನಿಂತಿತ್ತು.

ಮಧ್ಯಾಹ್ನ ಏಳುತ್ತಾರೆ ಎಂದುಕೊಂಡರು. ಮಧ್ಯಾಹ್ನ ಎದ್ದದ್ದು ಊಟಕ್ಕೆ. ಸಂಜೆಯ ಕಡವಿಗೆ ಹೊರಡುತ್ತಾರೆ ಎಂದುಕೊಂಡರು. ದೂಮಣ್ಣ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮಾಳಿಗೆಯ ಗೂಟಕ್ಕೆ ನೇತುಹಾಕಿ, "ತಂಗಿಯ ಆಸ್ತಿಯನ್ನು ಬೀದಿಯಲ್ಲಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ ಬಾವ? ನನ್ನ ಗದ್ದೆ ಹಾಳಾದರೆ ಆಗಲಿ," ಎಂದರು. ಅವರನ್ನು ಮೋಸಗಾರ ಎಂದು ಯಾರೂ ತಿಳಿಯಬೇಡಿ. ಆ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದ್ದು. ನಿಜಕ್ಕೂ ತಮ್ಮ ಗದ್ದೆಯನ್ನು ಒಕ್ಕಲಿಗೆ ಒಪ್ಪಿಸಿ, ತಂಗಿಗಾಗಿ ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂಬ ನಂಬಿಕೆಯಲ್ಲಿ ವರ್ಷಗಟ್ಟಲೆ ಆ ಗಾದಿಯ ಮೇಲೆ ಕೂತರು. ಮೋಸಗಾರನಾದರೆ ಪೊಲೀಸರಿಗಾದರೂ ಹೇಳಬಹುದು, ಕರ್ತವ್ಯ ಮಾಡುವವನನ್ನು ಎಬ್ಬಿಸುವುದು ಹೇಗೆ?

ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ ವ್ಯಾಪಾರ ಹೆಚ್ಚಿತು. ಮಾವ ಒಂದು ಮಾರು ಹಗ್ಗ ಕೊಡುವಾಗ ಅದರ ನಾರು ಯಾವ ಊರಿನದು, ಹುರಿ ಹೇಗೆ ಹಾಕಿದ್ದು ಎಂದೆಲ್ಲ ಪುರಾಣ ಹೇಳುವವರು. ದೂಮಣ್ಣನಿಗೆ ಹಗ್ಗದ ಗಂಧಗಾಳಿ ಇಲ್ಲ. ಬಂದವರು ಕೇಳಿದ್ದನ್ನು ಕೊಟ್ಟು, ಒಂದು ವೀಳ್ಯ ಮಡಿಸಿ ಕೈಗಿಟ್ಟು ಕಳಿಸುತ್ತಿದ್ದರು. ಜನ ಪುರಾಣಕ್ಕಿಂತ ವೀಳ್ಯವನ್ನು ಇಷ್ಟಪಡುತ್ತಾರೆಂಬುದು ಮಾವನಿಗೆ ಆ ವಯಸ್ಸಿನಲ್ಲಿ ತಿಳಿಯಿತು. ಅವರು ಬದಿಯಲ್ಲಿ ಹಗ್ಗದ ಸುರುಳಿಯ ಮೇಲೆ ಕೂರುತ್ತಿದ್ದರು. ಗಿರಾಕಿಗೆ ಆ ಸುರುಳಿಯೇ ಬೇಕಾದರೆ ದೂಮಣ್ಣ ಮೆತ್ತಗೆ ಹೇಳುತ್ತಿದ್ದರು, "ಬಾವ, ಸ್ವಲ್ಪ ಎದ್ದೇಳಿ."

ಒಂದು ದಿನ ಮಾವ ಉರ್ವಕ್ಕೆ ಬಂದು ಅಮ್ಮನ ಎದುರು ಕೂತು ತಮ್ಮ ದುಃಖವನ್ನೆಲ್ಲ ತೋಡಿಕೊಂಡರು. ಹೆಂಡತಿ ಮಕ್ಕಳನ್ನು ಅಂಗಡಿಯ ಮಾಳಿಗೆಗೆ ಕರೆದುಕೊಂಡು ಹೋಗಿದ್ದರೂ ಉರ್ವದ ಮನೆಯ ಯಜಮಾನಿಕೆ ಅವರದ್ದೇ. ವಾರಕ್ಕೊಮ್ಮೆ ಬಂದು ಅಕ್ಕಿ ಅಳೆದು ಹೋಗುತ್ತಿದ್ದರು. ನನ್ನ ಅಪ್ಪ ಜಗಲಿಯ ಚಾಪೆಯ ಮೇಲೆ ಕೂತಿದ್ದರು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಕೆಲಸಕ್ಕೆ ಹತ್ತಿರ ಎಂದು ಹೆಂಡತಿಯ ಮನೆಯಲ್ಲಿಯೇ ಇದ್ದವರು. ಯಾರದೋ ಮನೆಯಲ್ಲಿ ಇದ್ದೇನೆಂಬುದನ್ನು ಎಂದೂ ಮರೆಯದೆ, ನಡುಕೋಣೆಯವರೆಗೂ ಬಾರದೆ, ಜಗಲಿಯಲ್ಲಿಯೇ ಉಂಡು ಜಗಲಿಯಲ್ಲಿಯೇ ಪೇಪರು ಓದಿದವರು.

"ಹೆಂಡತಿಯ ಅಣ್ಣನಿಗೆ ನನ್ನ ಅಂಗಡಿಯಲ್ಲಿ ಎಂತ ಕೆಲಸ ಅಕ್ಕ? ಬೆವರು ಸುರಿಸಿ ದುಡಿದವ ನಾನು. ಗಲ್ಲಾಪೆಟ್ಟಿಗೆಯ ಬೀಗದಕೈ ಅವನ ಸೊಂಟದಲ್ಲಿ. ಇದು ಯಾವ ನ್ಯಾಯ?"

ಅಮ್ಮ ಗೆರಸೆಯಲ್ಲಿ ಹುರುಳಿ ಕೇರುತ್ತಿದ್ದಳು. ಮಾವ ದನಿ ಏರಿಸಿದಾಗಲೆಲ್ಲ ಸುಮ್ಮನಿದ್ದು ಅಭ್ಯಾಸವಾದವಳು. ಆ ದಿನ ತಲೆ ಎತ್ತದೆ ಹೇಳಿದಳು, "ತಂಗಿಯ ಆಸ್ತಿ ಅಣ್ಣ ನೋಡಿಕೊಳ್ಳುವುದು ಅಲ್ವಾ ಸಂಕಪ್ಪ? ಅಕ್ಕನದ್ದು ತಮ್ಮ ನೋಡಿಕೊಳ್ತಾನೆ. ನಮ್ಮ ಕಟ್ಟು ಇರುವುದೇ ಹಾಗೆ ಅಂತ ನೀನೇ ಹೇಳಿದ್ದಿ."

ಮಾವ ಸೊಂಟದ ಗೊಂಚಲನ್ನು ಮುಟ್ಟಿಕೊಂಡರು. ದೂಮಣ್ಣನ ವಿರುದ್ಧ ಅವರು ಏನು ಹೇಳಿದರೂ ಅದು ಸುತ್ತಿ ಬಳಸಿ ತಮ್ಮ ಸೊಂಟಕ್ಕೇ ಬರುತ್ತಿತ್ತು. ಅಮ್ಮ ಗೆರಸೆ ಕೆಳಗಿಟ್ಟು ಕೈ ಚಾಚಿದಳು, "ಬೀಗದಕೈ ಕೊಡು. ಅಕ್ಕಿ ತೆಗೀಬೇಕು, ನಿನಗೂ ಊಟಕ್ಕೆ ಹಾಕ್ಬೇಕಲ್ಲ."

ಕೊಟ್ಟರು ಎಂದುಕೊಂಡಿರಾ? ಎದ್ದು ಹೋಗಿ ತಾವೇ ಅಳೆದು ಕೊಟ್ಟರು. ಜಗಲಿ ಕಡೆಯಿಂದ ಕೆಮ್ಮು ಕೇಳಿಸಿತು. ಅಪ್ಪನಿಗೆ ನಗು ಬಂದರೆ ಅವರು ಕೆಮ್ಮುತ್ತಿದ್ದರು. ನಾನು ಟ್ರೈನಿಂಗ್ ಶಾಲೆಯವಳು, ಅಲ್ಲಿಯೇ ನಿಂತಿದ್ದೆ, ಹೆಂಗಸರ ಹಕ್ಕಿನ ಬಗ್ಗೆ ಶಾಲೆಯ ಸಭೆಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಮನೆಯಲ್ಲಿ ಗೆರಸೆ ಎತ್ತಿಟ್ಟೆ.

ಇದಾಗಿ ಒಂದು ತಿಂಗಳು ಕಳೆದಿರಬೇಕು. ಅಮ್ಮ ಕೊಟ್ಟ ನೀರುಮಾವಿನಕಾಯಿಯ ಭರಣಿಯನ್ನು ಅತ್ತೆಗೆ ತಲುಪಿಸಲು ನಾನು ಬಂದರಿಗೆ ಹೋಗಿದ್ದೆ. ಅಂಗಡಿಯಲ್ಲಿ ಹೊಸಬ ಗಿರಾಕಿಯೊಬ್ಬ ಇದ್ದ, ಯಾವುದೋ ದೂರದ ಬಂದರಿನಿಂದ ಮಂಜಿ ನಡೆಸಿಕೊಂಡು ಬಂದ ತಂಡೇಲ. ಹಗ್ಗ ಆರಿಸುತ್ತಿದ್ದವನಿಗೆ ಮಾವ ತಡೆಯಲಾರದೆ, "ಅದು ಉಪ್ಪುನೀರಿಗೆ ಬಾಳಿಕೆ ಬರುವುದಿಲ್ಲ, ಇದನ್ನು ತಗೊಳ್ಳಿ," ಎಂದರು. ತಂಡೇಲ ತಿರುಗಿ ನೋಡಿ ದೂಮಣ್ಣನನ್ನು ಕೇಳಿದ, "ಇವರು ಯಾರು ಸಾಹುಕಾರ್ರೇ?"

ದೂಮಣ್ಣ ಬಹಳ ಪ್ರೀತಿಯಿಂದ ಹೇಳಿದರು, "ನಮ್ಮ ಬಾವ. ತಂಗಿಯ ಗಂಡ. ಪಾಪ, ಒಳ್ಳೆಯವರು."

ಬೈಗುಳವಾಗಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು. ಆ ಪಾಪ ಎಂಬುದನ್ನು ಅವರಿಂದ ತಡೆಯಲಾಗಲಿಲ್ಲ. ನಾನು ಭರಣಿಯನ್ನು ಕೆಳಗಿಟ್ಟೆ. ಅವರು ಎದ್ದರು. ಈ ಸಲ ಯಾರೂ ಏಳಲು ಹೇಳಿರಲಿಲ್ಲ. ಹಗಲಿನಲ್ಲಿ ಬಾಗಿಲ ಹಲಗೆಗಳನ್ನು ಒಳಗೆ ಗೋಡೆಗೆ ಒರಗಿಸಿಡುವುದು ರೂಢಿ. ಅಲ್ಲಿಗೆ ಹೋಗಿ, ನಡುವಿನಿಂದ ಒಂದನ್ನು ಎಳೆದು, ಹೆಗಲ ಮೇಲಿಟ್ಟು, ಅಂಗಡಿಯಿಂದ ಇಳಿದು ನಡೆದೇಬಿಟ್ಟರು. ಗೂಟದಲ್ಲಿ ನೇತಾಡುತ್ತಿದ್ದ ಅವರ ಕೊಡೆಯನ್ನು ತೆಗೆದುಕೊಂಡು ನಾನು ಹಿಂದೆ ಓಡಿದೆ.

ಬಂದರಿನಿಂದ ಉರ್ವಕ್ಕೆ ದಾರಿ ಕಡಿಮೆಯೇನಲ್ಲ, ಹಲಸಿನ ಹಲಗೆ ಹಗುರವೇನಲ್ಲ. ದಾರಿಯಲ್ಲಿ ಕಂಡ ಪರಿಚಯದವರೆಲ್ಲ, "ಎಂತ ಸಂಕಪ್ಪಣ್ಣ, ಹಲಗೆ?" ಎಂದು ಕೇಳುವವರೇ. ಮಾವನದು ಒಂದೇ ಉತ್ತರ, "ಆಸ್ತಿ." ಹಸನಬ್ಬ ಸಾಹೇಬರು ಎದುರಿಗೆ ಸಿಕ್ಕಿದರು. ಹಲಗೆಯ ನಂಬರು ನೋಡಿದರು, ಮಾವನ ಮುಖ ನೋಡಿದರು, ಏನೂ ಕೇಳದೆ ದಾರಿ ಬಿಟ್ಟು ನಿಂತರು. ಆ ಮರ್ಯಾದೆಯನ್ನು ನಾನು ಇನ್ನೂ ಮರೆತಿಲ್ಲ.

ಮನೆಗೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮಾವ ಜಗಲಿಯಲ್ಲಿ ಎರಡು ಕೆಂಪುಕಲ್ಲು ಇಟ್ಟು, ಅದರ ಮೇಲೆ ಹಲಗೆ ಮಲಗಿಸಿ, ಕೈಯಿಂದ ಧೂಳು ಒರಸಿ ಕೂತರು. ಅಪ್ಪ ಪೇಪರು ಮಡಿಸಿಟ್ಟರು. ಚಾಪೆಯಿಂದ ಎದ್ದು ಬಂದು, ಮಾವನ ಪಕ್ಕದಲ್ಲಿ ಒಂದು ತುದಿಗೆ ಕೂತರು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಸಮಸಮವಾಗಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕಷ್ಟ ಏನಿಲ್ಲ ಬಾವ," ಎಂದರು ಅಪ್ಪ. "ಅಭ್ಯಾಸ ಆಗ್ತದೆ."

ಅಂದು ಸಂಜೆ ಬಂದರಿನಲ್ಲಿ ದೂಮಣ್ಣ ಅಂಗಡಿ ಮುಚ್ಚಲಾರದೆ ಆ ಸಂದಿಗೆ ಅಡ್ಡವಾಗಿ ತಾವೇ ಮಲಗಿದರಂತೆ. ಹೊಸ ಹಲಗೆ ಮಾಡಿಸುವವರೆಗೂ ಹಾಗೆಯೇ. ಒಬ್ಬ ಮನುಷ್ಯ ಒಂದು ಹಲಗೆಯ ಕೆಲಸವನ್ನು ಚೆನ್ನಾಗಿ ಮಾಡಬಲ್ಲ ಎಂದು ಮಾವ ತಮ್ಮ ಜೀವನದಲ್ಲಿ ಆ ಒಂದು ಸಲ ತಮಾಷೆ ಮಾಡಿದರು.

ಇಷ್ಟೆಲ್ಲ ಆದ ಮೇಲೆ ಮಾವನಿಗೆ ಬುದ್ಧಿ ಬಂತು, ಬೀಗದಕೈ ತೆಗೆದು ಅಮ್ಮನ ಕೈಯಲ್ಲಿಟ್ಟರು ಎಂದು ಬರೆಯಲು ನನಗೂ ಆಸೆ. ಹಲಗೆಯ ಮೇಲೆ ಕೂತು ಒಂದು ಲೋಟ ನೀರು ಕುಡಿದು ಅವರು ಆಡಿದ ಮೊದಲ ಮಾತು, "ಅಕ್ಕ, ನಾಳೆ ತೆಂಗಿನಕಾಯಿ ಕೀಳಿಸ್ತೇನೆ. ನನ್ನನ್ನು ಕೇಳದೆ ಯಾರೂ ಒಂದು ಕಾಯಿ ಮುಟ್ಟಬಾರದು."

ಅಲ್ಲಿಂದ ಮುಂದೆ ಅವರು ಉರ್ವದಲ್ಲಿಯೇ ಉಳಿದರು. ವಾರಕ್ಕೆ ಎರಡು ಸಲ, ಕ್ಷೌರ ಮಾಡಿಸಿಕೊಂಡು, ಮಕ್ಕಳಿಗೆ ಕಜ್ಜಾಯದ ಪೊಟ್ಟಣ ಹಿಡಿದು, ಅಂಗಡಿಯ ಮಾಳಿಗೆಯಲ್ಲಿದ್ದ ಹೆಂಡತಿಯ ಮನೆಗೆ ಹೋಗಿ ಉಂಡು ಬರುತ್ತಿದ್ದರು. ಅತ್ತೆ ಬಡಿಸುತ್ತಿದ್ದರು, ದೂಮಣ್ಣ ಒತ್ತಾಯ ಮಾಡುತ್ತಿದ್ದರು. ನಮ್ಮ ಅಜ್ಜಂದಿರ ಕಾಲದ ಗಂಡಂದಿರು ನಡೆದುಕೊಳ್ಳುತ್ತಿದ್ದುದು ಸರಿಯಾಗಿ ಹೀಗೆಯೇ. ಕಟ್ಟಿನಿಂದ ತಪ್ಪಿಸಿಕೊಳ್ಳಲು ಹೋಗಿ ಅದರ ಗರ್ಭಗುಡಿಯಲ್ಲಿಯೇ ಹೋಗಿ ಕೂತವರು ನಮ್ಮ ಮಾವ.

ಯುದ್ಧ ಮುಗಿದ ವರ್ಷ ತೀರಿಕೊಂಡರು. ಕೊನೆಯವರೆಗೂ ಆ ಹಲಗೆ ಬಿಡಲಿಲ್ಲ. ಅಪ್ಪ ಮೊದಲೇ ಹೋಗಿದ್ದರು. ಬದುಕಿದ್ದಷ್ಟು ದಿನ ಇಬ್ಬರೂ ಅದರ ಮೇಲೆ ಕೂತು ಒಂದೇ ಪೇಪರನ್ನು ಹಂಚಿಕೊಂಡು ಓದಿದರು. ನನಗೆ ಮಾವನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ಆದರೆ ಹಗ್ಗದ ವಾಸನೆ ಎಲ್ಲಿ ಬಂದರೂ ನನ್ನ ಕಣ್ಣು ತುಂಬುತ್ತದೆ. ಯಜಮಾನಿಕೆ ಬೊಂಬಾಯಿಯಲ್ಲಿದ್ದ ಅಣ್ಣನಿಗೆ ಹೋಯಿತು. ಬೀಗದಕೈಯನ್ನು ಬೊಂಬಾಯಿಗೆ ಕಳಿಸಿದರೆ ಇಲ್ಲಿ ಊಟವಾಗುವುದಿಲ್ಲವಲ್ಲ, ಹಾಗಾಗಿ ಅಮ್ಮ ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟು ಹೊತ್ತಿಗೆ ಅವಳಿಗೆ ಅಕ್ಕಿಯೂ ಕಾಣುತ್ತಿರಲಿಲ್ಲ, ಬೀಗದ ತೂತೂ ಕಾಣುತ್ತಿರಲಿಲ್ಲ. ಹಲಗೆಯನ್ನು ನನಗೆ ಕೊಟ್ಟಳು.

ದೂಮಣ್ಣನೂ ವಯಸ್ಸಾಗಿ ಸುರತ್ಕಲ್ಲಿಗೆ ಹೋದರು. ಗಾದಿಯ ಮೇಲೆ ಈಗ ಮಾವನ ಮಗ ಜಯರಾಮ ಕೂರುತ್ತಾನೆ. ಅಂಗಡಿ ಮಕ್ಕಳಿಗೇ ಉಳಿಯಿತು. ಮಾವ ಬಯಸಿದ್ದೆಲ್ಲ ಆಯಿತು, ಅವರೊಬ್ಬರಿಗೆ ಕೂರಲು ಜಾಗ ಸಿಗಲಿಲ್ಲ, ಅಷ್ಟೆ.

ಈ ಹಳೆಯ ಪುರಾಣ ಈಗೇಕೆ ಎನ್ನುತ್ತೀರಿ. ಕಳೆದ ವಾರ ಜಯರಾಮ ಬಂದಿದ್ದ. ಕಾಫಿ ಕುಡಿಯುತ್ತ, "ವ್ಯಾಪಾರಕ್ಕೆ ಅಂಗಡಿ ಸಾಕಾಗುವುದಿಲ್ಲ ಅತ್ತಿಗೆ. ಒಂದು ಗೋದಾಮು ನೋಡಿದ್ದೇನೆ," ಎಂದ.

"ಕೂತು ನೋಡಿದಿಯಾ?"

"ಎಂತ ಕೂತು ನೋಡುವುದು? ವಕೀಲರಿಗೆ ತೋರಿಸಿ ಆಗಿದೆ."

"ಯಾರ ಹೆಸರಿನಲ್ಲಿ ಮಾಡ್ತಿ?"

ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಹೆಂಡತಿಯ ಹೆಸರಿನಲ್ಲಿ. ನನ್ನ ಹೆಸರಿನಲ್ಲಿ ಮಾಡಿದರೆ ನಾಳೆ ತಂಗಿಯ ಮಕ್ಕಳು ಬರ್ತಾರಂತೆ."

ಅವನ ತಂಗಿಯ ದೊಡ್ಡ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ. "ನಿನ್ನ ಹೆಂಡತಿಗೆ ಅಣ್ಣ ಉಂಟಾ?" ಎಂದು ಕೇಳಿದೆ.

"ಉಂಟಲ್ಲ. ತುಂಬ ಒಳ್ಳೆಯವರು. ಮುಹೂರ್ತಕ್ಕೆ ಅವರನ್ನೇ ಕರೆದು ಕೂರಿಸುವುದು ಅಂತ ಮಾಡಿದ್ದೇನೆ."

ಇನ್ನೊಂದು ಲೋಟ ಕಾಫಿ ಕೊಟ್ಟೆ, ಕುಡಿದು ಹೋದ. ಹಪ್ಪಳಕ್ಕೆ ಇನ್ನು ಬೇರೆ ಹಲಗೆ ನೋಡಿಕೊಳ್ಳಬೇಕು. ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ, ಇದನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಎರಡು ಕಲ್ಲು ತರಿಸಿ ಜಗಲಿಯಲ್ಲಿ ಹಾಕಿಟ್ಟಿದ್ದೇನೆ. ಇಂದಲ್ಲ ನಾಳೆ ಬರುತ್ತಾನೆ, ಬಂದವನಿಗೆ ಕೂತುಕೊಳ್ಳಲು ಒಂದು ಜಾಗ ಬೇಕಲ್ಲ.